ಬಜೆ ತೇಯುವ ಕಲ್ಲು ಸದ್ಯಕ್ಕೆ ಅಟ್ಟ ಸೇರಲಿ

ಪ್ರಶ್ನೆ: ಬಸುರಿಯಾಗಿದ್ದಾಗ ನನಗೆ ಎಚ್‌ಐವಿ ಇರುವುದು ಗೊತ್ತಾಯಿತು. ಮೂರನೆಯ ತಿಂಗಳಿಂದ ಗುಳಿಗೆ ತಪ್ಪಿಸಿಲ್ಲ. ಮಗುವಿಗೀಗ ನಾಲ್ಕು ವಾರ. ಎದೆಹಾಲು ಕೊಡುತ್ತಿದ್ದೇನೆ, ಅದಕ್ಕೆ ಸೋಂಕು ತಗಲದಂತೆ ನೆವಿರಪಿನ್ ಸಿರಪ್ ಹಾಕುತ್ತಿದ್ದೇನೆ. ವಿಷಯ ತಿಳಿಯದ ಅತ್ತೆ ಜೇನು, ಬಜೆ ನೆಕ್ಕಿಸಲು ಹಟ ಹಿಡಿದಿದ್ದಾರೆ. ಡಬ್ಬಿ ಹಾಲು ಕ್ಷೇಮವೇ? ಮಗುವಿನ ರಕ್ತವನ್ನು ಈಗಲೇ ಪರೀಕ್ಷಿಸಬಾರದೇ?
– ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಮೊದಲು ಬಜೆಯ ಮಾತು. ನಾನು ಹೊಕ್ಕ ಮಲೆನಾಡಿನ ಬಾಣಂತಿ ಕೋಣೆಗಳಲ್ಲಿ ತೇಯುವ ಕಲ್ಲಿಲ್ಲದ್ದು ಅಪರೂಪ. ಆದರೆ ಎಳೆಗರುಳಿಗೆ ಜೇನು, ಬಜೆ, ಹಸುವಿನ ಹಾಲು, ಗ್ರೈಪ್ ವಾಟರ್ ಇಳಿದರೆ ಅದರ ಒಳಪದರ ಕೆರಳಿ ವೈರಾಣು ನುಸುಳಲು ದಾರಿಯಾಗಬಹುದು. ಎದೆಹಾಲಿನ ಜೊತೆ ಬೇರೆಯದನ್ನು ಬೆರೆಸುವುದೇ ಇಲ್ಲಿ ಅಪಾಯ. ಗುಳಿಗೆ ತಪ್ಪದೆ ನುಂಗುತ್ತಿರುವ ನೀವು ಡಬ್ಬಿಯ ಬೆನ್ನು ಹತ್ತಬೇಡಿ. ಬಾಟಲಿಯ ಕೊಳೆಯಿಂದ ಭೇದಿ ಹತ್ತಿದ ಮಕ್ಕಳನ್ನು ಸಾಕಷ್ಟು ನೋಡಿದ್ದೇನೆ. ಚಿಕಿತ್ಸೆಯೇ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ಸೋಂಕು ತಗಲುತ್ತದೆ. ಚಿಕಿತ್ಸೆ ಸರಿಯಾಗಿ ನಡೆದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ.

ಅತ್ತೆಗೆ ಸುಳ್ಳು ಹೇಳಬೇಕಾಗಿಲ್ಲ. ಆರು ತಿಂಗಳು ಎದೆಹಾಲಲ್ಲದೆ ನೀರೂ ಬೇಡ ಎಂಬುದು ಊರಿನ ಎಲ್ಲ ಮಕ್ಕಳಿಗೂ ವೈದ್ಯರು ಹೇಳುವ ಮಾತೇ. ಆಶಾ ಕಾರ್ಯಕರ್ತೆಯ ಬಾಯಿಂದಲೇ ಹೇಳಿಸಿ, ಸೊಸೆಯ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ! ನಿಮ್ಮ ಸೋಂಕಿನ ವಿಷಯವನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡದಂತೆ 2017ರ ಎಚ್‌ಐವಿ ಕಾಯ್ದೆಯ ರಕ್ಷಣೆಯಿದೆ.

ಇನ್ನು ಪರೀಕ್ಷೆ. ಮಾಮೂಲಿ ಪರೀಕ್ಷೆ ಹುಡುಕುವುದು ಪ್ರತಿಕಾಯಗಳನ್ನು, ಅಂದರೆ ಸೋಂಕಿನ ವಿರುದ್ಧ ಮೈ ತಯಾರಿಸುವ ಅಂಶಗಳನ್ನು. ಹೊಟ್ಟೆಯಲ್ಲಿದ್ದಾಗಲೇ ನಿಮ್ಮಿಂದ ಮಗುವಿಗೆ ಬಂದ ಪ್ರತಿಕಾಯಗಳು ಒಂದೂವರೆ ವರ್ಷದವರೆಗೂ ಉಳಿಯಬಹುದು. ಸೋಂಕಿಲ್ಲದ ಮಗುವೂ ಪಾಸಿಟಿವ್ ಎನಿಸಿ ನಿಮ್ಮ ನಿದ್ದೆ ಕೆಡಿಸುತ್ತದೆ. ಆದ್ದರಿಂದ ಆರು ವಾರಕ್ಕೆ, ಪೆಂಟಾ ಲಸಿಕೆಯ ಹೊತ್ತಿಗೇ, ವೈರಾಣುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು. ಹಿಮ್ಮಡಿಗೆ ಚುಚ್ಚಿ, ಕಾಗದದ ಕಾರ್ಡಿನ ವೃತ್ತಗಳ ಮೇಲೆ ರಕ್ತದ ಹನಿ ಬೀಳಿಸುತ್ತಾರೆ. ನಮ್ಮ ಮಳೆಗಾಲದಲ್ಲಿ ಅದು ಒಣಗುವುದೂ ನಿಧಾನ, ವರದಿಗೂ ಕಾಯಬೇಕು. ಆಗ ನೆಗೆಟಿವ್ ಬಂದರೂ ಕಡತ ಮುಚ್ಚಬೇಡಿ. ಹಾಲು ಕುಡಿಯುವ ಮಗುವಿಗೆ ಆರು ಮತ್ತು ಹನ್ನೆರಡನೆಯ ತಿಂಗಳಲ್ಲಿ ಮತ್ತೆ ಪರೀಕ್ಷೆಯಿದೆ. ಕೊನೆಯದು ಹದಿನೆಂಟನೆಯ ತಿಂಗಳಿಗೆ. ಹಾಲು ಬಿಡಿಸಿ ಮೂರು ತಿಂಗಳಾದರೂ ಕಳೆದಿರಬೇಕು.

ಸಿರಪ್ ನೀವಾಗಿಯೇ ನಿಲ್ಲಿಸಬೇಡಿ. ಕೆಲವು ಮಕ್ಕಳಿಗೆ ಹನ್ನೆರಡು ವಾರ ಬೇಕಾಗುತ್ತದೆ. ಮೊಲೆತೊಟ್ಟು ಬಿರಿದು ರಕ್ತ ಒಸರಿದರೆ ಆ ಕಡೆ ಕುಡಿಸದೆ ಬೇಗ ತೋರಿಸಿ. ಗಾಳಿಮಳೆಗೆ ಬಸ್ ನಿಂತು ಗುಳಿಗೆ ಮುಗಿಯುವಂತಿದ್ದರೆ, ಅದನ್ನು ಕೊಡುವ ಎಆರ್‌ಟಿ ಕೇಂದ್ರಕ್ಕೆ ಮೊದಲೇ ತಿಳಿಸಿ. ಉಚಿತ ಸಹಾಯವಾಣಿ 1097.