ಸಂಪಾದಕರ ಉತ್ತರ: ಜ್ವರ ಬಂದದ್ದು ಯಾವ ಎತ್ತಿಗೆ?

"ಕಳೆದ ಸಂಚಿಕೆಯಲ್ಲಿ ಹೊಸ ರಾಕ್ ಬ್ಯಾಂಡ್‌ಗಳ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಸುಮ್ನೆ ಕಾಗದ ದಂಡ. 1984ರಲ್ಲಿ ಹಾಸ್ಟೆಲ್ ರೂಮಿನಲ್ಲಿ ಕ್ಯಾಸೆಟ್ ಹಾಕಿ ಕೇಳಿದ ಲೆಡ್ ಜೆಪ್ಪೆಲಿನ್, ಬ್ಲ್ಯಾಕ್ ಸಬ್ಬತ್ ಮುಂದೆ ಇವರು ಯಾರೂ ನಿಲ್ಲುವುದಿಲ್ಲ. ಮೊನ್ನೆ ಮಗ ಒಂದು ಹಾಡು ಹಾಕಿದ. ಅರೆ, ಜೆಪ್ಪೆಲಿನ್‌ದು ನಾನು ಕೇಳದ ಹಾಡು ಸಿಕ್ಕಿತಲ್ಲ ಎಂದು ಖುಷಿಪಟ್ಟೆ. ನೋಡಿದರೆ ಗ್ರೇಟಾ ವ್ಯಾನ್ ಫ್ಲೀಟ್ ಅಂತ ಯಾರೋ ಹುಡುಗರು. ಮೋಸ ಹೋದ ಹಾಗಾಯಿತು. ಈಗಿನವರ ಕೈಯಲ್ಲಿ ಸರಕಿಲ್ಲ ಎಂದು ಒಪ್ಪಿಕೊಳ್ಳಿ. ಮಗನಿಗೆ ತೋರಿಸಬೇಕು. ತಾ.ಕ.: ಆ ಕ್ಯಾಸೆಟ್ ಇನ್ನೂ ಇದೆ. ಡೆಕ್ಕಿನ ಬೆಲ್ಟ್ ಮಾತ್ರ ಕರಗಿ ಅಂಟಾಗಿದೆ."
— ದಾವಣಗೆರೆಯ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ನಮಸ್ಕಾರ ಸರ್.

ಪೂರ್ತಿ ಒಪ್ಪಿಕೊಂಡರೆ ಮಗನ ಎದುರು ನಿಮ್ಮ ಮಾನ ಉಳಿಯುತ್ತದೆ, ನಮ್ಮ ನಾಲ್ಕು ಪುಟದ ಮಾನ ಹೋಗುತ್ತದೆ. ಅದಕ್ಕೆ ಅರ್ಧ ಒಪ್ಪುತ್ತೇನೆ. ನಿಮ್ಮ ಕಿವಿ ಸುಳ್ಳು ಹೇಳಿಲ್ಲ. ಹೊಸ ಹಾಡು ಕೇಳುವಾಗ ಏನೋ ಕಡಿಮೆ ಇದೆ ಅಂತ ನನಗೂ ಎಷ್ಟೋ ಸಲ ಅನ್ನಿಸಿದೆ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನೀವು ಬೈದದ್ದು ನುಡಿಸುವ ಹುಡುಗರನ್ನು.

ಮೊದಲು ಆ ಕ್ಯಾಸೆಟ್ ವಿಷಯ. ಅದನ್ನು ನೀವು ಅಂಗಡಿಯಲ್ಲಿ ಕೊಂಡಿರಲಿಕ್ಕಿಲ್ಲ. ಯಾರೋ ಸೀನಿಯರ್ 90 ನಿಮಿಷದ ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಟ್ಟಿರುತ್ತಾರೆ. ನನಗೂ ಹಾಗೇ ಬಂದದ್ದು. ಮೂರನೇ ಕೈ ಕಾಪಿ, ಹಾಡಿಗಿಂತ ಮುಂಚೆ ಸುಯ್ ಅನ್ನುವ ಸದ್ದು. ಒಂದು ಬದಿಯ ಕೊನೆಯ ಹಾಡು ಅರ್ಧಕ್ಕೆ ಟಪ್ ಅಂತ ನಿಲ್ಲುತ್ತಿತ್ತು. ಅದು ಹೇಗೆ ಮುಗಿಯುತ್ತದೆ ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು! ಖಾಲಿ ಕ್ಯಾಸೆಟ್ ಅಂದರೆ ಆಗ ದುಡ್ಡು. ಅದಕ್ಕೆ ಯಾರೂ ಕಸ ತುಂಬಿಸುತ್ತಿರಲಿಲ್ಲ. ಹದಿನೈದು ವರ್ಷದ ಹೊಟ್ಟು ಎಲ್ಲ ಗಾಳಿಗೆ ಹಾರಿಹೋದ ಮೇಲೆ ಕಾಳು ಮಾತ್ರ ನಿಮ್ಮ ಹಾಸ್ಟೆಲ್ಲಿಗೆ ಬಂತು.

1969ರಲ್ಲಿ ಜೆಪ್ಪೆಲಿನ್‌ನ ಮೊದಲ ಎರಡು ಆಲ್ಬಮ್ ಬಂದವು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆ ವರ್ಷದ ನಂಬರ್ ಒನ್ ಹಾಡು ಯಾರದು ಗೊತ್ತಾ? ಆರ್ಚೀಸ್. ಕಾಮಿಕ್ಸ್‌ನ ಆರ್ಚಿ, ಜಗ್‌ಹೆಡ್ ಇದ್ದಾರಲ್ಲ, ಅವರದೇ ಕಾರ್ಟೂನ್ ಬ್ಯಾಂಡ್. ಸ್ಟುಡಿಯೊದಲ್ಲಿ ಬೇರೆಯವರು ಹಾಡಿದ್ದನ್ನು ಗೊಂಬೆಗಳ ಬಾಯಿಗೆ ಹಚ್ಚಿದ್ದರು. ಜೆಪ್ಪೆಲಿನ್‌ನ ಮೊದಲ ಆಲ್ಬಮ್ಮನ್ನು ರೋಲಿಂಗ್ ಸ್ಟೋನ್ ಪತ್ರಿಕೆ ಅದೇ ವರ್ಷ ಚೆನ್ನಾಗಿ ಝಾಡಿಸಿತ್ತು. ನಿಮ್ಮ ಸೀನಿಯರ್ ಆರ್ಚೀಸ್ ತುಂಬಿಸಿಕೊಡಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ಗ್ರೇಟಾ ವ್ಯಾನ್ ಫ್ಲೀಟ್ ಬಗ್ಗೆ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಮಿಷಿಗನ್‌ನ ಸಣ್ಣ ಊರಿನ ಮೂವರು ಅಣ್ಣತಮ್ಮಂದಿರು, ಜೊತೆಗೆ ಒಬ್ಬ ಡ್ರಮ್ಮರ್. 2019ರಲ್ಲಿ ಗ್ರ್ಯಾಮಿ ಕೂಡ ಬಂತು. ಹಾಡುವ ಹುಡುಗ ಬಾಯಿ ತೆರೆದರೆ ಜೆಪ್ಪೆಲಿನ್‌ನ ಗಾಯಕ ರಾಬರ್ಟ್ ಪ್ಲಾಂಟ್. ಆದರೆ ನಕಲಿನ ಲೆಕ್ಕ ತೆಗೆದರೆ ಜೆಪ್ಪೆಲಿನ್‌ನವರೂ ಸಿಕ್ಕಿಬೀಳುತ್ತಾರೆ. ಶಿಕಾಗೋದ ಬ್ಲೂಸ್ ಸಂಗೀತದ ಗುರು ವಿಲ್ಲಿ ಡಿಕ್ಸನ್ ಬರೆದ ಸಾಲುಗಳನ್ನು ಹೆಸರು ಹೇಳದೆ ಎತ್ತಿಕೊಂಡಿದ್ದರು. 1985ರಲ್ಲಿ ಡಿಕ್ಸನ್ ಕೋರ್ಟಿಗೆ ಹೋದರು, ಕೊನೆಗೆ ರಾಜಿಯಾಯಿತು. ಆದರೂ ಜೆಪ್ಪೆಲಿನ್‌ನವರು ಎತ್ತಿಕೊಂಡದ್ದನ್ನು ಬಗ್ಗಿಸಿದರು, ಎಳೆದರು, ಡಿಕ್ಸನ್‌ಗೇ ಗುರುತು ಸಿಗಬಾರದು ಎನ್ನುವಷ್ಟು ಜೋರು ಮಾಡಿದರು. ಈ ಹುಡುಗರು ಇಸ್ತ್ರಿ ಮಾಡಿ ತಂದಿದ್ದಾರೆ. ನಿಮ್ಮ ಮಗನಿಗೆ ಬೇಜಾರಾದರೆ ಆಗಲಿ, ನನ್ನ ಅಭಿಪ್ರಾಯ ಇದು.

ಈಗ ಜ್ವರ ಬಂದ ಎತ್ತಿನ ಹತ್ತಿರ ಬರೋಣ, ಅಂದರೆ ಹಾಡು ರೆಕಾರ್ಡ್ ಮಾಡುವ ರೀತಿಯ ಹತ್ತಿರ. ಜೆಪ್ಪೆಲಿನ್‌ನ ನಾಲ್ಕನೇ ಆಲ್ಬಮ್ ಬಂದದ್ದು 1971ರಲ್ಲಿ. ಅದರ ಕೊನೆಯ ಹಾಡಿನ ಡ್ರಮ್ ನೆನಪಿದೆಯಾ? ಗುಡುಗು ಮನೆಯೊಳಗೆ ಬಂದ ಹಾಗೆ. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹೆಡ್ಲಿ ಗ್ರೇಂಜ್ ಅಂತ ಒಂದು ಹಳೇ ಕಟ್ಟಡ, ಒಂದು ಕಾಲಕ್ಕೆ ಗತಿಯಿಲ್ಲದ ಬಡವರನ್ನು ಇಡುತ್ತಿದ್ದ ಜಾಗ. ಅದರ ಮೆಟ್ಟಿಲ ಬುಡದಲ್ಲಿ ಜಾನ್ ಬಾನಮ್‌ನ ಡ್ರಮ್ ಇಟ್ಟರು. ಮೇಲಿನ ಮಹಡಿಯಿಂದ ಎರಡು ಮೈಕ್ ಇಳಿಬಿಟ್ಟರು. ನಮಗೆ ಕೇಳುವುದು ಡ್ರಮ್ ಒಂದೇ ಅಲ್ಲ, ಆ ಮೆಟ್ಟಿಲು, ಆ ಗೋಡೆ, ಆ ಎತ್ತರ. ಅಲ್ಲೂ ಕೈಚಳಕ ಇತ್ತು ಅನ್ನಿ. ಎಕೋ ಯಂತ್ರ ಬಳಸಿದರು, ಟೇಪನ್ನು ಒಂಚೂರು ನಿಧಾನ ಓಡಿಸಿದರು. ಆದರೆ ಬಾನಮ್‌ನ ಏಟು ಅವನು ಹಾಕಿದ ಕಡೆಯೇ ಬಿದ್ದಿದೆ.

ಇವತ್ತು ಬಹಳಷ್ಟು ಕಡೆ ಏನಾಗುತ್ತದೆ? ಡ್ರಮ್ಮರ್ ಕಿವಿಗೆ ಟಿಕ್ ಟಿಕ್ ಅನ್ನುವ ಕ್ಲಿಕ್ ಹಾಕಿಕೊಂಡು ಒಬ್ಬನೇ ಕೂತು ಬಾರಿಸುತ್ತಾನೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ಏಟನ್ನು ಗೆರೆಗೆ ಸರಿಯಾಗಿ ಕೂರಿಸುತ್ತಾರೆ. ಕೂದಲೆಳೆಯಷ್ಟು ಹಿಂದೆ ಬಿದ್ದದ್ದನ್ನು ಮುಂದಕ್ಕೆ ತಳ್ಳುತ್ತಾರೆ. ಎಷ್ಟೋ ಸಲ ಅವನ ಏಟಿನ ಸದ್ದನ್ನೇ ತೆಗೆದು ಇನ್ನೊಂದು ಸದ್ದು ಅಂಟಿಸುತ್ತಾರೆ. ಗಿಟಾರ್ ಬೇರೆ ದಿನ, ಕೆಲವೊಮ್ಮೆ ಬೇರೆ ಊರಿನಲ್ಲಿ. ಹಾಡಿದವನ ಶ್ರುತಿ ತಿದ್ದುತ್ತಾರೆ. ಕೊನೆಗೆ ಮೆಲ್ಲಗಿನದನ್ನೂ ಜೋರಿನದನ್ನೂ ಒಂದೇ ಎತ್ತರಕ್ಕೆ ಎಳೆದು ನಿಲ್ಲಿಸುತ್ತಾರೆ. ಮದುವೆ ಮನೆಯಲ್ಲಿ ಡೋಲಿನವರನ್ನು ನೋಡಿದ್ದೀರಲ್ಲ? ಕೈ ಡೋಲಿನ ಮೇಲೆ, ಕಣ್ಣು ನಾದಸ್ವರದವರ ಮುಖದ ಮೇಲೆ. ಅವರು ಉಸಿರು ಹಿಡಿದರೆ ಇವರೂ ಒಂದು ಕ್ಷಣ ತಡೆಯುತ್ತಾರೆ. ಆ ತಡೆಯನ್ನು ಕಂಪ್ಯೂಟರ್ ತಪ್ಪು ಅಂತ ತಿದ್ದಿಬಿಟ್ಟರೆ? ನಿಮ್ಮ ಕಿವಿಗೆ ಸಿಗದೆ ಹೋದದ್ದು ಅದೇ ಅಂತ ನನ್ನ ಅಂದಾಜು.

ಇನ್ನೊಂದು ಅಭಾವವೂ ಇದೆ. ಬೀಟಲ್ಸ್ 1960ರಿಂದ 1962ರವರೆಗೆ ಜರ್ಮನಿಯ ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸಿ ಕೈ ಪಳಗಿಸಿಕೊಂಡರು. 1963ರ ಫೆಬ್ರವರಿ 11ರಂದು ಒಂದೇ ದಿನ ಹತ್ತು ಹಾಡು ರೆಕಾರ್ಡ್ ಮಾಡಿದರು. ನಿಮ್ಮ ಸಬ್ಬತ್ ಕೂಡ ಅದೇ ಊರಿನಲ್ಲಿ ಬೆವರು ಹರಿಸಿದವರು, ಅವರ ಮೊದಲ ಆಲ್ಬಮ್ ಕೂಡ ಒಂದು ದಿನದ್ದು. ಅಂಥ ಜಾಗ ಈಗ ಎಲ್ಲಿವೆ? ಬ್ರಿಟನ್‌ನಲ್ಲಿ 2023 ಒಂದೇ ವರ್ಷ 125 ಸಣ್ಣ ಜಾಗಗಳಲ್ಲಿ ಲೈವ್ ಸಂಗೀತ ನಿಂತುಹೋಯಿತು. ಇದಕ್ಕೂ ಹುಡುಗರನ್ನು ಬೈಯೋಣವಾ?

ಹಾಗಂತ ಒಟ್ಟಿಗೆ ನುಡಿಸುವವರು ಇಲ್ಲವೇ ಇಲ್ಲ ಅನ್ನಬೇಡಿ. ಮೆಲ್ಬರ್ನ್‌ನ ಕಿಂಗ್ ಗಿಜರ್ಡ್ ಆ್ಯಂಡ್ ದ ಲಿಜರ್ಡ್ ವಿಜರ್ಡ್ ಕೇಳಿ. ಹೆಸರು ನೋಡಿ ನಗಬೇಡಿ, ಲೆಡ್ ಜೆಪ್ಪೆಲಿನ್ ಅಂದಾಗ ನಿಮ್ಮ ತಂದೆಯವರೂ ನಕ್ಕಿರುತ್ತಾರೆ. 2017ರಲ್ಲಿ ಐದು ಆಲ್ಬಮ್ ತಂದರು. ಅದರಲ್ಲಿ ಒಂದನ್ನು ಪುಕ್ಕಟೆ ಕೊಟ್ಟು, ಯಾರು ಬೇಕಾದರೂ ರೆಕಾರ್ಡ್ ಒತ್ತಿಸಿ ಮಾರಿಕೊಳ್ಳಿ ಅಂದರು. ಇವತ್ತು ನುಡಿಸಿದ ಹಾಡುಗಳ ಪಟ್ಟಿ ನಾಳೆ ಇರುವುದಿಲ್ಲ. ನುಡಿಸುತ್ತಾ ನುಡಿಸುತ್ತಾ ಹಾಡು ಎಲ್ಲಿಗೋ ಹೋಗುತ್ತದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ವಾಪಸ್ ಬರುತ್ತಾರೆ. ಅವರ ಸ್ಟುಡಿಯೊ ಆಲ್ಬಮ್ ಎಲ್ಲವೂ ಚೆನ್ನಾಗಿವೆ ಅನ್ನಲಾರೆ. ಜಾಸ್ತಿ ಆಯಿತು. ಸಂಗೀತ ಕಛೇರಿಯ ವಿಡಿಯೊ ನೋಡಿ.

ಡಬ್ಲಿನ್‌ನ ಫಾಂಟೇನ್ಸ್ ಡಿ.ಸಿ. ಬೇರೆ ಜಾತಿ. ಕವಿತೆಯ ಹುಚ್ಚಿನಿಂದ ಒಟ್ಟಾದವರು. ಹಾಡುವ ಗ್ರಿಯನ್ ಚಾಟನ್ ತನ್ನ ಊರಿನ ಮಾತಿನ ಧಾಟಿಯನ್ನು ಹಾಗೇ ಇಟ್ಟುಕೊಂಡಿದ್ದಾನೆ. 2019ರ ಮೊದಲ ಆಲ್ಬಮ್‌ನಿಂದ ಶುರುಮಾಡಿ. ಅಲ್ಲಿ ಜೆಪ್ಪೆಲಿನ್ ಹುಡುಕಿದರೆ ಸಿಗುವುದಿಲ್ಲ.

2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬ್ಯಾಂಡ್ ಬಂದಾಗ ನಾನು ಧೂಳಿನಲ್ಲಿ ನಿಂತಿದ್ದೆ. ಕ್ಯಾಸೆಟ್‌ನಲ್ಲಿ ಬಾಯಿಪಾಠವಾಗಿದ್ದ ಹಾಡುಗಳಲ್ಲೇ ನನ್ನ ತಾಳ ಎರಡು ಕಡೆ ತಪ್ಪಿತು. ಪಕ್ಕದವನು ನನ್ನನ್ನು ನೋಡಿ ನಕ್ಕ. ಅವನದೂ ತಪ್ಪಿತ್ತು.

ಬೆಲ್ಟ್ ವಿಷಯ: ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡ್‌ನಲ್ಲಿ ವಿಚಾರಿಸಿ. ಡೆಕ್ ಬಿಚ್ಚಿ, ಚಕ್ರಗಳ ಸುತ್ತ ದಾರ ಸುತ್ತಿ ಅಳತೆ ತೆಗೆದುಕೊಂಡು ಬನ್ನಿ. ಅಂಟಿಕೊಂಡ ರಬ್ಬರನ್ನು ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಬೇಕು, ಕೈಯೆಲ್ಲ ಕಪ್ಪಾಗುತ್ತದೆ. ಆ ಕೆಲಸ ಮಗನಿಗೆ ಕೊಡಿ.