ಮಂಗಳೂರಿನ ಒಂಬತ್ತು ತಲಪಾಡಿ ದಾಟುವುದಿಲ್ಲ

"ಕೇರಳದಲ್ಲಿ ತೆರಿಗೆ ಜಾಸ್ತಿಯಂತೆ, ಅದಕ್ಕೇ ನೀವೆಲ್ಲ ಫ್ರಿಜ್ಜು, ಟಿವಿ ತರಲು ಮಂಗಳೂರಿಗೆ ಹೋಗುತ್ತೀರಂತೆ, ಹೌದಾ?" ಎಂದು ಕೇಳಿದ್ದೀರಿ. ಇಲ್ಲ ಮಾರಾಯರೇ. ಮಂಗಳೂರು ನಮ್ಮ ಪೇಟೆ, ಅದಕ್ಕೇ ಹೋಗುತ್ತೇವೆ. ಆಸ್ಪತ್ರೆಗೂ ಅಲ್ಲಿಗೇ, ಕಾಲೇಜಿಗೂ ಅಲ್ಲಿಗೇ, ಮದುವೆ ಸೀರೆಗೂ ಅಲ್ಲಿಗೇ. ನಮ್ಮ ಅಜ್ಜನ ಕಾಲದಲ್ಲಿ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಳಗೇ ಇತ್ತು. 1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ಪೇಟೆ ಮಾತ್ರ ಬದಲಾಗಲಿಲ್ಲ.

ನನ್ನದು ಕಾಸರಗೋಡಿನ ಉಪ್ಪಳದಲ್ಲಿ ಒಂದು ಎಲೆಕ್ಟ್ರಿಕಲ್ ಅಂಗಡಿ. ವಯರು, ಸ್ವಿಚ್ಚು, ಫ್ಯಾನು, ಪಂಪು, ಸ್ವಲ್ಪ ಮಿಕ್ಸಿ, ಗ್ರೈಂಡರು. ಸಾಮಾನು ಬರುವುದು ಮುಕ್ಕಾಲು ಪಾಲು ಮಂಗಳೂರಿನಿಂದ. ಹಾಗಾಗಿ ತೆರಿಗೆಯ ವಿಷಯ ಓದಿ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು.

ಮೊದಲು ದರದ ಮಾತು. ಜಿಎಸ್‌ಟಿ ದರ ಗಡಿಯ ಈಚೆಗೂ ಆಚೆಗೂ ಒಂದೇ. ನನ್ನ ಅಂಗಡಿಯಲ್ಲಿ ಈಗ ಹೆಚ್ಚುಕಡಿಮೆ ಎಲ್ಲಕ್ಕೂ ನೂರಕ್ಕೆ 18. ಸುರುವಿಗೆ ಹೀಗಿರಲಿಲ್ಲ. 2017ರ ಜುಲೈಯಲ್ಲಿ ವಯರು, ಸ್ವಿಚ್ಚುಗಳಿಗೆ 28 ಇತ್ತು, ಅದೇ ನವೆಂಬರಿನಲ್ಲಿ 18ಕ್ಕೆ ಇಳಿಯಿತು. ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮೆಷಿನ್ ಇಳಿದದ್ದು 2018ರ ಜುಲೈಯಲ್ಲಿ. ಏಸಿ ಮತ್ತು 32 ಇಂಚಿಗಿಂತ ದೊಡ್ಡ ಟಿವಿ ಮಾತ್ರ 28ರಲ್ಲೇ ಕೂತಿದ್ದವು, 2025ರ ಸೆಪ್ಟೆಂಬರ್ 22ರಿಂದ ಅವೂ 18. ಎಲ್ಲವೂ ಇಳಿದದ್ದೇ ಎಂದುಕೊಳ್ಳಬೇಡಿ. ಎಲ್‌ಇಡಿ ಬಲ್ಬು ಮತ್ತು ನೀರಿನ ಪಂಪು 12 ಇದ್ದದ್ದು 2022ರ ಜುಲೈಯಲ್ಲಿ 18ಕ್ಕೆ ಏರಿದವು. ಅಡಿಕೆ ತೋಟದವರಿಂದ ಆ ತಿಂಗಳು ಬೈಗುಳ ತಿಂದದ್ದು ನಾನು. ದರ ಏರಿಸಿದವರು ಇವರ ಕೈಗೆ ಸಿಗುವುದಿಲ್ಲ ಅಲ್ವಾ?

ಹಾಗಾದರೆ ಕೇರಳದಲ್ಲಿ ಜಾಸ್ತಿ ಎಂಬ ಮಾತು ಎಲ್ಲಿಂದ ಬಂತು? ಪೂರ್ತಿ ಸುಳ್ಳಲ್ಲ ಅದು. 2018ರ ನೆರೆಯ ನಂತರ ಕೇರಳ ಸರ್ಕಾರ ಒಂದು ಪರ್ಸೆಂಟ್ ಸೆಸ್ ಹಾಕಿತು. 2019ರ ಆಗಸ್ಟ್ 1ರಿಂದ 2021ರ ಜುಲೈ 31ರವರೆಗೆ, ಸರಿಯಾಗಿ ಎರಡು ವರ್ಷ. ನಮ್ಮಲ್ಲಿ ಅದಕ್ಕೆ ಪ್ರಳಯ ಸೆಸ್ ಎನ್ನುತ್ತಿದ್ದರು. ಜಿಎಸ್‌ಟಿ ನಂಬರ್ ಇಲ್ಲದ ಸಾಮಾನ್ಯ ಗಿರಾಕಿಗೆ ಕೇರಳದೊಳಗೆ ಮಾರಿದರೆ ಮಾತ್ರ ಅದು ಬೀಳುತ್ತಿತ್ತು, ಮಂಗಳೂರಿನ ಬಿಲ್ಲಿಗೆ ಇಲ್ಲ. 20,000ದ ಫ್ರಿಜ್ಜಿಗೆ 200 ರೂಪಾಯಿ. ಅದನ್ನು ಉಳಿಸಲು ಮಂಗಳೂರಿಗೆ ಹೋಗಿ, ಪಿಕಪ್‌ಗೆ ಅದರ ಎಷ್ಟೋ ಪಟ್ಟು ಬಾಡಿಗೆ ಕೊಟ್ಟು ಬಂದ ಬುದ್ಧಿವಂತರು ನಮ್ಮೂರಲ್ಲಿ ಇದ್ದಾರೆ. ಒಬ್ಬರು ನನ್ನ ಭಾವನೇ. ಹೆಸರು ಬೇಡ, ಮನೆಗೆ ಹೋಗಬೇಕಲ್ಲ.

ಈಗ ನಿಜವಾದ ತಲೆನೋವು. ಅದಿರುವುದು 18ರಲ್ಲಿ ಅಲ್ಲ, ಆ 18 ಯಾರಿಗೆ ಹೋಗುತ್ತದೆ ಎಂಬುದರಲ್ಲಿ. ಮಂಗಳೂರಿನ ಅಂಗಡಿ ಮಂಗಳೂರಿನವರಿಗೆ ಮಾರಿದರೆ ಒಂಬತ್ತು ಕೇಂದ್ರಕ್ಕೆ, ಒಂಬತ್ತು ಕರ್ನಾಟಕಕ್ಕೆ. ಅದೇ ಅಂಗಡಿ ನನಗೆ ಮಾರಿದರೆ ಬಿಲ್ಲಿನಲ್ಲಿ ಒಂದೇ ಸಾಲು, ಐಜಿಎಸ್‌ಟಿ 18, ಅಂದರೆ ಅಂತರರಾಜ್ಯ ವ್ಯಾಪಾರದ ಜಿಎಸ್‌ಟಿ. ಅದರಲ್ಲಿ ರಾಜ್ಯದ ಪಾಲು ಕೇರಳಕ್ಕೆ ಬರುತ್ತದೆ. ಇದು ಗೊತ್ತಾಗುವುದು ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿಯಿಂದ. ಕರ್ನಾಟಕ 29, ಕೇರಳ 32. ಸಾಮಾನು ಅವರು ಕಳಿಸಿದರೂ ಅಷ್ಟೇ, ನಾನೇ ಹೋಗಿ ನನ್ನ ಪಿಕಪ್‌ನಲ್ಲಿ ಹೇರಿಕೊಂಡು ಬಂದರೂ ಅಷ್ಟೇ.

ಕೆಲವು ವರ್ಷದ ಹಿಂದೆ ಒಂದು ಹೋಲ್‌ಸೇಲ್ ಅಂಗಡಿಯಿಂದ 60,000 ರೂಪಾಯಿಯ ವಯರು ತಂದೆ. ಕೌಂಟರಿನಲ್ಲಿ ಹೊಸ ಹುಡುಗ. ನನ್ನ ಮಾತು ಅಪ್ಪಟ ಮಂಗಳೂರು ಕನ್ನಡ, ನಡುನಡುವೆ ತುಳು. ಊರಿನವರೇ ಎಂದುಕೊಂಡು ಒಂಬತ್ತು ಒಂಬತ್ತು ಹಾಕಿ ಬಿಲ್ಲು ಕೊಟ್ಟ. ನಾನೂ ಮೊತ್ತ ನೋಡಿದೆನೇ ಹೊರತು ಸಾಲು ನೋಡಲಿಲ್ಲ. ಮರುತಿಂಗಳು 14ಕ್ಕೆ ಟೂಬಿ ಸ್ಟೇಟ್‌ಮೆಂಟ್ ಬಂತು, ನಾವು ಕೊಂಡ ಸಾಮಾನಿನ ತೆರಿಗೆಯ ತಿಂಗಳ ಪಟ್ಟಿ ಅದು. 10,800 ರೂಪಾಯಿ ಇನ್‌ಪುಟ್, ಅಂದರೆ ಕೊಳ್ಳುವಾಗ ಕಟ್ಟಿ ಮಾರುವಾಗ ವಜಾ ಮಾಡಿಕೊಳ್ಳುವ ತೆರಿಗೆ, ಸಿಗುವುದಿಲ್ಲ ಎಂಬ ಕಡೆ ಕೂತಿತ್ತು. ಕರ್ನಾಟಕಕ್ಕೆ ಕಟ್ಟಿದ ಒಂಬತ್ತನ್ನು ಕೇರಳದ ಲೆಕ್ಕದಲ್ಲಿ ವಜಾ ಮಾಡಿಕೊಳ್ಳಲು ಬರುವುದಿಲ್ಲ. ಜೊತೆಗಿರುವ ಕೇಂದ್ರದ ಒಂಬತ್ತಕ್ಕೂ ಅದೇ ಗತಿ. ಅಂದರೆ ಅದೇ ವಯರನ್ನು ಮಾರುವಾಗ ನಾನು ಪೂರ್ತಿ ತೆರಿಗೆಯನ್ನು ಇನ್ನೊಮ್ಮೆ ಕೈಯಿಂದ ಕಟ್ಟಬೇಕು.

ಇಂಥ ಬಿಲ್ಲನ್ನು ಮಾರಿದವರೇ ತಿದ್ದಬೇಕು. ಆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೆ ಅವರಿಗೆ ಸಮಯ ಉಂಟು. ಅವರು ಐಜಿಎಸ್‌ಟಿಯನ್ನು ಹೊಸದಾಗಿ ಕಟ್ಟಬೇಕು, ತಪ್ಪಾಗಿ ಕಟ್ಟಿದ್ದನ್ನು ವಾಪಸ್ ಕೇಳಬೇಕು. ಯಾರಿಗೆ ಬೇಕು ಈ ಉಸಾಬರಿ? ನಾಲ್ಕು ಸಲ ಗಡಿಯ ತಲಪಾಡಿ ದಾಟಿ ಅವರ ಅಕೌಂಟೆಂಟ್ ಎದುರು ಕೂತ ಮೇಲೆ ಕೆಲಸ ಆಯಿತು. ಈಗ ಕೌಂಟರಿಗೆ ಹೋದ ಕೂಡಲೇ ನಾನು ಹೇಳುವ ಮೊದಲ ಮಾತು "32". ಅದು ಕೇಳಿದರೆ ಹುಡುಗರು ನಗುತ್ತಾರೆ. ನಗಲಿ.

ಹಿಂದಿನ ಕಾಲ ಚೆನ್ನಾಗಿತ್ತು ಎಂದು ಮಾತ್ರ ಹೇಳುವುದಿಲ್ಲ. ಆಗ ಹೊರರಾಜ್ಯದಿಂದ ತರಿಸಿದರೆ ಮಾರಿದವರಿಗೆ ಸಿ ಫಾರಂ ಎಂಬ ಕಾಗದ ಕೊಡಬೇಕಿತ್ತು, ಕೊಟ್ಟರೆ ಎರಡು ಪರ್ಸೆಂಟ್ ಸಿಎಸ್‌ಟಿ, ಅಂದರೆ ಕೇಂದ್ರ ಮಾರಾಟ ತೆರಿಗೆ. ಆ ಎರಡಕ್ಕೆ ಇನ್‌ಪುಟ್ ಇಲ್ಲ, ಖರ್ಚಿಗೆ ಸೇರುತ್ತಿತ್ತು. ಫಾರಂ ಕೊಡದಿದ್ದರೆ ಅಲ್ಲಿಯ ಪೂರ್ತಿ ತೆರಿಗೆ. ಮೇಲಿಂದ ಮಂಜೇಶ್ವರ ಚೆಕ್‌ಪೋಸ್ಟ್. ಹೆದ್ದಾರಿಯಲ್ಲಿ ಲಾರಿಗಳ ಸಾಲು, ಕಾಗದ ಹಿಡಿದು ಓಡಾಡುವ ಡ್ರೈವರುಗಳು. ಜಿಎಸ್‌ಟಿ ಬಂದ ಮೇಲೆ ಆ ತೆರಿಗೆ ಗೇಟು ಹೋಯಿತು.

ಗೇಟು ಹೋಯಿತು, ಇ-ವೇ ಬಿಲ್ ಬಂತು, ಸಾಮಾನು ಸಾಗಿಸಲು ಆನ್‌ಲೈನಿನಲ್ಲಿ ಮಾಡಿಸುವ ಚೀಟಿ. ತೆರಿಗೆ ಸೇರಿ 50,000 ದಾಟಿದ ಸಾಮಾನು ಗಾಡಿಯಲ್ಲಿದ್ದರೆ ಅದು ಬೇಕು. 200 ಕಿಲೋಮೀಟರಿಗೆ ಒಂದು ದಿನದ ಅವಧಿ. ನಮ್ಮದು 30 ಚಿಲ್ಲರೆ ಕಿಲೋಮೀಟರ್, ಅವಧಿಯ ಚಿಂತೆ ಇಲ್ಲ. ಆದರೆ ಇದು ಅಂಗಡಿಯವರಿಗೆ ಮಾತ್ರ ಎಂದು ಜನ ತಿಳಿದಿದ್ದಾರೆ. ಹೊಸ ಮನೆಗೆಂದು ದೊಡ್ಡ ಫ್ರಿಜ್ಜೋ ಏಸಿಯೋ ಕೊಂಡು ನೀವೇ ಪಿಕಪ್‌ನಲ್ಲಿ ತಂದರೂ ಬಿಲ್ಲು 50,000 ಮೀರಿದರೆ ಬೇಕು. ಮಾರಿದ ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಇಲ್ಲದೆ ಹೊರಟು ದಾರಿಯಲ್ಲಿ ತೆರಿಗೆ ಇಲಾಖೆಯ ಸ್ಕ್ವಾಡ್ ಸಿಕ್ಕಿದರೆ ತೆರಿಗೆಯ ಎರಡು ಪಟ್ಟು ದಂಡ. "ಎರಡು ಬಿಲ್ಲು ಮಾಡಿ ಕೊಡಿ" ಎಂದು ಗಿರಾಕಿ ಗುಟ್ಟಾಗಿ ಕೇಳುವುದುಂಟು. ನಾನು ಮಾಡುವುದಿಲ್ಲ. ಸುಮ್ನೆ ನಿದ್ದೆ ಹಾಳು.

ಮನೆಗೆ ಕೊಳ್ಳುವವರಿಗೆ 2023ರ ಅಕ್ಟೋಬರ್‌ನಿಂದ ಒಂದು ಬದಲಾವಣೆ ಆಗಿದೆ. ಅಂಗಡಿಯವರು ಬಿಲ್ಲಿನಲ್ಲಿ ನಿಮ್ಮ ವಿಳಾಸ ಬರೆದರೆ, ವಿಳಾಸ ಯಾವ ರಾಜ್ಯದ್ದೋ ಆ ರಾಜ್ಯಕ್ಕೆ ತೆರಿಗೆ. ರಾಜ್ಯದ ಹೆಸರಷ್ಟೇ ಬರೆದರೂ ಸಾಕು. ಏನೂ ಬರೆಯದಿದ್ದರೆ ಅಂಗಡಿ ಇರುವ ರಾಜ್ಯಕ್ಕೆ. ನಿಮ್ಮ ಕಿಸೆಯಿಂದ ಹೋಗುವುದು ಎರಡರಲ್ಲೂ ಒಂದೇ. ಆದ್ದರಿಂದ ಮಂಗಳೂರಿನಲ್ಲಿ "ಕೇರಳವಾ, ಕರ್ನಾಟಕವಾ?" ಎಂದು ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ. ಕನ್ನಡ ಮಾತಾಡುವವನನ್ನು ಹಾಗೆ ಕೇಳಿದರೆ ನಮಗೆ ಒಳಗೆ ಚುರ್ ಎನ್ನುತ್ತದೆ, ಅದು ಬೇರೆ ಮಾತು.

ಎಲ್ಲರಿಗಿಂತ ಪಾಪ ಗಡಿಯ ಈಚೆ ಕುಂಜತ್ತೂರಿನಂಥ ಕಡೆಯ ಸಣ್ಣ ಅಂಗಡಿಯವರು. ವರ್ಷದ ವ್ಯಾಪಾರ 40 ಲಕ್ಷದ ಒಳಗಿದ್ದರೆ ಜಿಎಸ್‌ಟಿ ನಂಬರೇ ಬೇಡ. ಒಂದೂವರೆ ಕೋಟಿಯವರೆಗೆ ಕಾಂಪೊಸಿಷನ್ ಎಂಬ ಸಣ್ಣ ವ್ಯಾಪಾರಿಗಳ ಸ್ಕೀಮಿನಲ್ಲಿ ವ್ಯಾಪಾರದ ಒಂದು ಪರ್ಸೆಂಟ್ ಕಟ್ಟಿದರೆ ಮುಗಿಯಿತು. ಆದರೆ ಎರಡಕ್ಕೂ ಒಂದು ಷರತ್ತು, ಹೊರರಾಜ್ಯಕ್ಕೆ ಮಾರುವಂತಿಲ್ಲ. ಹೊರರಾಜ್ಯ ಎಂದರೆ ದೆಹಲಿ ಅಲ್ಲ ಮಾರಾಯರೇ, ಪಕ್ಕದ ತಲಪಾಡಿ. ಅಲ್ಲಿಯವರು ಅಂಗಡಿಗೆ ಬಂದು, ವಿಳಾಸ ಬರೆಸದೆ ಮನೆಗೆಂದು ಒಂದು ಫ್ಯಾನು ಕೊಂಡುಹೋದರೆ ತೊಂದರೆ ಇಲ್ಲ. "ಮನೆಗೆ ಕಳಿಸಿ, ಹಣ ಅಲ್ಲೇ ಕೊಡುತ್ತೇನೆ" ಎಂದರೆ ಅದು ಅಂತರರಾಜ್ಯ ವ್ಯಾಪಾರ!

ನೀವು ಮಂಜೇಶ್ವರದಲ್ಲಿ ಮನೆ ಕಟ್ಟಿಸುತ್ತಿದ್ದೀರಿ ಎಂದಿರಿ. ವಯರು, ಸ್ವಿಚ್ಚು ಎಲ್ಲಿ ಬೇಕಾದರೂ ಕೊಳ್ಳಿ, ಚರ್ಚೆ ಮಾಡಿ ಬೆಲೆ ಇಳಿಸಿ. ತೆರಿಗೆ ನೋಡಿ ಊರು ಆರಿಸಬೇಡಿ. ದೊಡ್ಡ ಸಾಮಾನಾದರೆ ಬಿಲ್ಲು, ವಾರಂಟಿ ಕಾರ್ಡು ಜಾಗ್ರತೆ ಇಟ್ಟುಕೊಳ್ಳಿ. ಫ್ರಿಜ್ಜು ಹಾಳಾದರೆ ಕಸ್ಟಮರ್ ಕೇರ್‌ಗೆ ಫೋನು ಮಾಡಬೇಕು. ಮಂಗಳೂರಿನಲ್ಲಿ ಕೊಂಡದ್ದು ಎಂದು ಕನ್ನಡದಲ್ಲಿ ಎಲ್ಲ ವಿವರಿಸಿ ಮುಗಿಸುತ್ತೀರಿ. ಆಮೇಲೆ ಪಿನ್‌ಕೋಡ್ ಕೇಳುತ್ತಾರೆ. 671 ಎಂದು ಶುರುಮಾಡಿದ ಕೂಡಲೇ "ಒಂದು ನಿಮಿಷ ಸರ್" ಎಂದು ಲೈನು ಬದಲಿಸುತ್ತಾರೆ. ಆಚೆಯಿಂದ ಮಲಯಾಳ ಶುರು.