ಬೆನ್ನುಹುರಿಗೆ ಪೆಟ್ಟಾದವರಿಗೆ ಆಸ್ಪತ್ರೆಯ ನಂತರ ಸಹಾಯ ಎಲ್ಲಿ ಸಿಗುತ್ತದೆ?

ಅಡಿಕೆ ಮರದಿಂದ ಬಿದ್ದ ಅಣ್ಣನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ, ಡಿಸ್ಚಾರ್ಜ್ ಆದಮೇಲೆ ಮುಂದೇನು ಎಂದು ಕೇಳಿದ್ದೀರಿ.

ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ಹೀಗೊಬ್ಬರು ಇದ್ದಾರೆ ಅಂತಲೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ! ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಲು ಅವರು ನೆರವಾಗುತ್ತಾರೆ. ಪಿಂಚಣಿ, ಬಸ್ ಪಾಸ್, ಗಾಲಿಕುರ್ಚಿ ಎಲ್ಲಕ್ಕೂ ಆ ಕಾರ್ಡ್ ಬೇಕು.

ಆದರೆ ಕಾಗದಪತ್ರಕ್ಕಿಂತ ತರಬೇತಿ ಮುಖ್ಯ. ಕಾಲಿಗೆ ಸ್ಪರ್ಶವೇ ತಿಳಿಯದಿದ್ದಾಗ ಒಂದೇ ಕಡೆ ಒತ್ತಡ ಬಿದ್ದು ಆಗುವ ಒತ್ತುಹುಣ್ಣು ಗೊತ್ತೇ ಆಗದೆ ಆಳಕ್ಕಿಳಿಯುತ್ತದೆ. ಹಾಸಿಗೆಯಲ್ಲಿ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕುರ್ಚಿಯಲ್ಲಿದ್ದರೆ ಆಗಾಗ ಕೈಯೂರಿ ಮೈ ಎತ್ತಬೇಕು. ಮೂತ್ರ ಹೊರಹಾಕುವ ಸಣ್ಣ ಕೊಳವೆ, ಅಂದರೆ ಕ್ಯಾತಿಟರ್ ತಾವೇ ಹಾಕಿಕೊಳ್ಳುವುದನ್ನೂ ಕಲಿಯಬಹುದು. ಇದನ್ನೆಲ್ಲ ಹೇಳಿಕೊಡುವ ಪುನರ್ವಸತಿ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. 1959ರಲ್ಲಿ ಶುರುವಾದ ಎಪಿಡಿ ಎಂಬ ಅಂಗವಿಕಲರ ಸೇವಾ ಸಂಸ್ಥೆಯೂ ಬೆನ್ನುಹುರಿ ಪೆಟ್ಟಿನವರ ಜೊತೆ ಕೆಲಸ ಮಾಡುತ್ತದೆ.

ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಪುನರ್ವಸತಿ ಕೇಂದ್ರವನ್ನು 1966ರಲ್ಲಿ ಕಟ್ಟಿದ ಡಾ. ಮೇರಿ ವರ್ಗೀಸ್ ಸ್ವತಃ ಗಾಲಿಕುರ್ಚಿಯಲ್ಲಿದ್ದವರು. ಅಣ್ಣನಿಗೆ ಇದನ್ನು ಹೇಳಿ. ಸಾಧ್ಯವಾದರೆ ಇದೇ ಪೆಟ್ಟಿನಿಂದ ಚೇತರಿಸಿಕೊಂಡ ಒಬ್ಬರನ್ನು ಭೇಟಿ ಮಾಡಿಸಿ. ನಮ್ಮ ಮಾತಿಗಿಂತ ಅವರ ಮಾತು ಜಾಸ್ತಿ ನಾಟುತ್ತದೆ, ಅಲ್ವಾ?